ಜೈಲಿನೊಳಗೆ ಪಾಠ ಶುರು ಮಾಡುವುದು ಹೇಗೆ?

ನಿಮ್ಮೂರ ಜೈಲಿನಲ್ಲಿರುವವರಿಗೆ ಓದು ಬರಹ ಕಲಿಸಬೇಕೆಂಬ ಮನಸ್ಸು ನಿಮಗಿದೆಯೇ? ಅದಕ್ಕೆ ಪರ್ಯಾಯ ಶಿಕ್ಷಣದ ದಾರಿಯಿದೆ. ಪರ್ಯಾಯ ಶಿಕ್ಷಣ ಎಂದರೆ, ಶಾಲೆಗೆ ಹೋಗಲಾಗದವರು ಇದ್ದಲ್ಲೇ ಓದಿ, ಪರೀಕ್ಷೆ ಬರೆದು ಪ್ರಮಾಣಪತ್ರ ಪಡೆಯುವ ವ್ಯವಸ್ಥೆ.

ಮೊದಲು ಜೈಲಿನ ಅಧೀಕ್ಷಕರಿಗೆ, ಅಂದರೆ ಸೂಪರಿಂಟೆಂಡೆಂಟರಿಗೆ, ಅರ್ಜಿ ಕೊಡಿ. ಯಾರು ಬರುತ್ತೀರಿ, ಯಾವ ದಿನ, ಎಷ್ಟು ಹೊತ್ತು, ಏನೇನು ತರುತ್ತೀರಿ ಎಲ್ಲವನ್ನೂ ಬರೆಯಿರಿ.

ಅನುಮತಿ ಸಿಕ್ಕ ಮೇಲೆ ಒಬ್ಬೊಬ್ಬರನ್ನೇ ಮಾತಾಡಿಸಿ. ಓದಲು ಬಾರದೆಂದು ಎಲ್ಲರೆದುರು ಹೇಳಿಕೊಳ್ಳಲು ಸಂಕೋಚವಿರುತ್ತದೆ. ಆಮೇಲೆ ಮೂರು ಗುಂಪು ಮಾಡಿ. ಅಕ್ಷರ ಬಾರದವರಿಗೆ ಕೇಂದ್ರದ ‘ಉಲ್ಲಾಸ್’ ಸಾಕ್ಷರತಾ ಯೋಜನೆಯಿದೆ. 15 ವರ್ಷ ದಾಟಿದ ಯಾರು ಬೇಕಾದರೂ ಕಲಿಯಬಹುದು. ಹತ್ತನೇ ತರಗತಿ ಮುಗಿಸದವರು ಎಸ್ಸೆಸ್ಸೆಲ್ಸಿಗೆ ಖಾಸಗಿ ಅಭ್ಯರ್ಥಿಯಾಗಿ ಕಟ್ಟಬಹುದು, ಇಲ್ಲವೇ ಎನ್‌ಐಒಎಸ್, ಅಂದರೆ ರಾಷ್ಟ್ರೀಯ ಮುಕ್ತ ಶಾಲೆಗೆ ಸೇರಬಹುದು. ಸೇರುವ ಮುನ್ನ ಬೇಕಾದ ವಿಷಯದ ಪುಸ್ತಕ ಕನ್ನಡದಲ್ಲಿದೆಯೇ ನೋಡಿಕೊಳ್ಳಿ. ಪಿಯುಸಿ ಮುಗಿಸಿದವರಿಗೆ ಇಂದಿರಾಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ, ಅಂದರೆ ಇಗ್ನೋ, ಪದವಿ ಓದಿಸುತ್ತದೆ.

‘ನಡುವೆ ಜಾಮೀನು ಸಿಕ್ಕಿ ಹೊರಟುಹೋದರೆ?’ ಎಲ್ಲರಿಗೂ ಬರುವ ಅನುಮಾನ ಇದು. ವಿಚಾರಣಾಧೀನ ಬಂದಿಗಳು ಎಷ್ಟು ದಿನ ಇರುತ್ತಾರೆಂದು ಹೇಳಲಾಗದು. ಇಲ್ಲಿಯೇ ಮುಕ್ತ ಶಾಲೆ ನೆರವಿಗೆ ಬರುತ್ತದೆ. ಎನ್‌ಐಒಎಸ್ ದಾಖಲಾತಿ ಐದು ವರ್ಷ ನಡೆಯುತ್ತದೆ. ಆ ಅವಧಿಯಲ್ಲಿ ಒಂಬತ್ತು ಸಲ ಪರೀಕ್ಷೆಗೆ ಕೂರಬಹುದು. ಪಾಸಾದ ವಿಷಯ ಪಾಸಾಗಿಯೇ ಉಳಿಯುತ್ತದೆ. ಆದ್ದರಿಂದ ದಾಖಲಾತಿ ಸಂಖ್ಯೆ, ಮುಗಿಸಿದ ವಿಷಯ, ಮುಂದಿನ ಪರೀಕ್ಷೆಯ ತಿಂಗಳು ಇವನ್ನು ಪ್ರತಿಯೊಬ್ಬರಿಗೂ ಒಂದು ಹಾಳೆಯಲ್ಲಿ ಬರೆದುಕೊಡಿ. ಬಿಡುಗಡೆಯ ದಿನ ಪುಸ್ತಕದ ಜೊತೆ ಆ ಹಾಳೆಯೂ ಅವರ ಕೈಯಲ್ಲಿರಲಿ.

ಖರ್ಚು ಹೆಚ್ಚಿಲ್ಲ. ಇಗ್ನೋ ಬಂದಿಗಳಿಂದ ಶುಲ್ಕ ಪಡೆಯುವುದಿಲ್ಲ. ಉಳಿದೆಡೆ ವಿನಾಯಿತಿ ಕೋರಿ ಅಧೀಕ್ಷಕರ ಪತ್ರದೊಂದಿಗೆ ಅರ್ಜಿ ಹಾಕಿ. ಸ್ಲೇಟು, ನೋಟ್‌ಬುಕ್, ಪೆನ್ನು ಕೊಡಿಸಲು ಊರಿನ ದಾನಿಗಳನ್ನು ಕೇಳಿ.

ಸಾಕ್ಷರತೆಗೆ ಜಿಲ್ಲೆಯ ವಯಸ್ಕರ ಶಿಕ್ಷಣಾಧಿಕಾರಿಯನ್ನೂ, ಎಸ್ಸೆಸ್ಸೆಲ್ಸಿಗೆ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಕಚೇರಿಯನ್ನೂ ಕಾಣಿ. ಎನ್‌ಐಒಎಸ್, ಇಗ್ನೋ ಎರಡಕ್ಕೂ ಬೆಂಗಳೂರಿನಲ್ಲಿ ಪ್ರಾದೇಶಿಕ ಕೇಂದ್ರಗಳಿವೆ.

ಕೊನೆಯದಾಗಿ ಎರಡು ಮಾತು. ಯಾರನ್ನೂ ‘ಏನು ಕೇಸು?’ ಎಂದು ಕೇಳಬೇಡಿ. ಮಂಗಳವಾರ ಬರುತ್ತೇನೆಂದರೆ ಮಂಗಳವಾರ ಹೋಗಿಯೇ ಹೋಗಿ. ಒಳಗಿರುವವರು ದಿನ ಎಣಿಸುತ್ತಿರುತ್ತಾರೆ. ಅದರಲ್ಲಿ ನಿಮ್ಮ ಪಾಠದ ದಿನವೂ ಸೇರಿರುತ್ತದೆ.