ಮಕ್ಕಳ ಕೈಯಲ್ಲಿ ಬಿಸಿಲಚ್ಚು

ರಜೆಯ ದಿನಗಳಲ್ಲಿ ಬಿಸಿಲಿಗೆ ಹೋಗಬೇಡಿರೆಂದು ಮಕ್ಕಳನ್ನು ಗದರಿಸುವುದು ಎಲ್ಲ ಮನೆಗಳಲ್ಲಿಯೂ ಉಂಟಷ್ಟೆ. ಆ ಬಿಸಿಲಿನಿಂದಲೇ ಅವರಿಗೊಂದು ಪಾಠವನ್ನು ಕಲಿಸಬಹುದು.

1842ರಲ್ಲಿ ಆಂಗ್ಲ ವಿಜ್ಞಾನಿ ಸರ್ ಜಾನ್ ಹರ್ಷೆಲರು ಕಬ್ಬಿಣದ ಲವಣಗಳಿಂದ ನೀಲಿಯ ಅಚ್ಚನ್ನು ತೆಗೆಯುವ ಕ್ರಮವನ್ನು ಕಂಡುಹಿಡಿದರು. ಮರುವರ್ಷವೇ ಅನ್ನಾ ಅಟ್ಕಿನ್ಸ್ ಎಂಬ ಮಹಿಳೆಯು ಕಡಲಪಾಚಿಗಳ ಇಂತಹ ಅಚ್ಚುಗಳನ್ನು ಪುಸ್ತಕರೂಪದಲ್ಲಿ ಹೊರತರಲಾರಂಭಿಸಿದರು.

ಈ ಲೇಪವುಳ್ಳ ಕಾಗದವು ಸಿದ್ಧವಾಗಿಯೇ ದೊರೆಯುತ್ತದೆ. ಮನೆಯೊಳಗೆ ಅದನ್ನು ಹಲಗೆಯ ಮೇಲಿರಿಸಿ, ನುಗ್ಗೆಯ ಎಳೆಗರಿಯನ್ನು ಹರಡಿ, ಗಾಜನ್ನು ಮುಚ್ಚಿ ಬಿಸಿಲಿಗಿಡತಕ್ಕದ್ದು. ಕೆಲವು ನಿಮಿಷಗಳಲ್ಲಿ ಕಾಗದದ ಬಣ್ಣವು ಮಾರ್ಪಡುವುದು. ಆಮೇಲೆ ಒಳತಂದು ತಣ್ಣೀರಿನಲ್ಲಿ ತೊಳೆಯಬೇಕು. ಬಿಸಿಲು ತಾಗಿದೆಡೆಯ ಲವಣವು ನೀರಿನಲ್ಲಿ ಕರಗದ ನೀಲಿಯಾಗಿ ನಿಲ್ಲುತ್ತದೆ. ಎಲೆಯ ಮರೆಯಲ್ಲಿದ್ದುದು ತೊಳೆದುಹೋಗಿ ಬಿಳಿಯ ಚಿತ್ರವುಳಿಯುತ್ತದೆ.

ಆತುರದ ಮಗುವು ನಡುವೆಯೇ ಎಲೆಯನ್ನೆತ್ತಿ ನೋಡಿತೆನ್ನಿರಿ, ಅಚ್ಚು ಕೆಟ್ಟಿತು! ಆಗ ಹಿರಿಯರು ಗದರಿಸಲಾಗದು. ತಾವೇ ಮಾಡಿಕೊಡಲೂ ಆಗದು. ಕೆಟ್ಟ ಹಾಳೆಯನ್ನೂ ತೊಳೆದು ಒಣಗಿಸಿ, ಮುಂದೆ ಅದೇ ಮಗುವು ತೆಗೆದ ಒಳ್ಳೆಯ ಹಾಳೆಯ ಪಕ್ಕದಲ್ಲಿರಿಸಿರಿ. ತಾಳ್ಮೆಯೆಂದರೇನೆಂಬುದನ್ನು ನಮ್ಮ ನೂರು ಬುದ್ಧಿವಾದಗಳಿಗಿಂತ ಆ ಎರಡು ಹಾಳೆಗಳೇ ಚೆನ್ನಾಗಿ ತಿಳಿಸುವುವು.