ಆ ಗೊರಕೆ ನಿದ್ದೆಯದಲ್ಲ: ನಲಾಕ್ಸೋನ್ ಬಗ್ಗೆ ಒಂದು ಮನವಿ



ನಮ್ಮ ವೈದ್ಯಕೀಯ ನೆರವು ನಿಧಿಗೆ ಹಣ ಕೇಳುವಾಗ ಡಯಾಲಿಸಿಸ್, ಹೃದಯದ ಆಪರೇಷನ್ ಎಂದು ಕೇಳುವುದು ರೂಢಿ. ಈ ಸಲ ಕೇಳುತ್ತಿರುವುದು ನಶೆಗೆ ಬಿದ್ದವರ ಜೀವಕ್ಕಾಗಿ. ಕೆಲವರಿಗೆ ಬೇಸರವಾಗಬಹುದು. ಮೊದಲು ನಾನೂ ಬೇಡವೆಂದವನೇ.

ದೇಹೂ ರೋಡ್‌ನ ನಮ್ಮ ಓಣಿಯ ಹುಡುಗನೊಬ್ಬ ಬೇರೆ ಊರಿನ ವ್ಯಸನಮುಕ್ತಿ ಕೇಂದ್ರದಲ್ಲಿ ಮೂರು ತಿಂಗಳಿದ್ದು ಮನೆಗೆ ಬಂದ. ಮೈ ತುಂಬಿಕೊಂಡಿದ್ದ. ತಾಯಿ ಅಕ್ಕಪಕ್ಕದವರಿಗೆಲ್ಲ ಹೋಳಿಗೆ ಕೊಟ್ಟರು. ಕೆಲವು ದಿನಗಳ ನಂತರ ಒಂದು ರಾತ್ರಿ ಅವನು ಜೋರಾಗಿ ಗೊರಕೆ ಹೊಡೆಯುತ್ತಿದ್ದ. ಒಳ್ಳೆಯ ನಿದ್ದೆ ಬಂದಿದೆ, ಮಲಗಲಿ ಎಂದು ಆಕೆ ದೀಪ ಆರಿಸಿದರು. ಬೆಳಗಾದಾಗ ಮೈ ತಣ್ಣಗಿತ್ತು.

ಹೆರಾಯಿನ್, ಬ್ರೌನ್ ಶುಗರ್, ಅಫೀಮು, ಟ್ರಮಡಾಲ್‌ನಂಥ ನೋವಿನ ಮಾತ್ರೆ, ಎಲ್ಲ ಒಂದೇ ಜಾತಿ. ಅತಿಯಾದರೆ ಮಿದುಳು ಉಸಿರಾಡಿಸುವುದನ್ನೇ ಮರೆಯುತ್ತದೆ. ಗೊರಕೆಯಂಥ ಗರಗರ ಸದ್ದು, ನೀಲಿಗಟ್ಟಿದ ತುಟಿ, ಸೂಜಿಮೊನೆಯಷ್ಟಾದ ಕಣ್ಣಪಾಪೆ, ಅಲುಗಿಸಿದರೂ ಏಳದಿರುವುದು ಅದರ ಗುರುತು. ಬಿಟ್ಟು ತಿಂಗಳುಗಳಾದ ಮೈಗೆ ಹಳೆಯ ತಾಳಿಕೆ ಇರುವುದಿಲ್ಲ. ಹಿಂದಿನಷ್ಟೇ ತೆಗೆದುಕೊಂಡರೂ ಈಗ ಅದು ಅತಿ. ಹಾಗಾಗಿ ಕೇಂದ್ರದಿಂದಲೋ ಜೈಲಿನಿಂದಲೋ ಮನೆಗೆ ಮರಳಿದ ಮೊದಲ ವಾರಗಳೇ ಹೆಚ್ಚು ಅಪಾಯದವು. ನಾವು ಆಗಲೇ ನಿಶ್ಚಿಂತರಾಗಿರುತ್ತೇವೆ.

ನಲಾಕ್ಸೋನ್ ಎಂಬ ಇಂಜೆಕ್ಷನ್ ಈ ವಿಷವನ್ನು ಅದು ಕೂತ ಜಾಗದಿಂದ ತಳ್ಳಿ ತಾನು ಕೂರುತ್ತದೆ. ತೋಳಿಗೋ ತೊಡೆಗೋ ಕೊಟ್ಟರೂ ಕೆಲವೇ ನಿಮಿಷಗಳಲ್ಲಿ ಉಸಿರು ಮರಳಬಲ್ಲದು. ಇದರಿಂದ ನಶೆಯಿಲ್ಲ, ಚಟವಿಲ್ಲ. ಹೆಂಡಕ್ಕೂ ನಿದ್ರೆ ಮಾತ್ರೆಗೂ ಇದು ಕೆಲಸ ಮಾಡದು. ಇನ್ನೊಂದು ಮಾತು: ಇದರ ಬಲ 30ರಿಂದ 90 ನಿಮಿಷ ಮಾತ್ರ. ಆಮೇಲೆ ಉಸಿರು ಮತ್ತೆ ನಿಲ್ಲಬಹುದು. ಆದ್ದರಿಂದ ಎದ್ದು ಕೂತನೆಂದು ಸುಮ್ಮನಾಗದೆ 108ಕ್ಕೆ ಫೋನ್ ಮಾಡಲೇಬೇಕು.

ಅಮೆರಿಕದಲ್ಲಿ 1971ರಲ್ಲೇ ಒಪ್ಪಿಗೆ ಪಡೆದ ಮದ್ದು ಇದು. ಅಲ್ಲಿ 2023ರಿಂದ ಮೂಗಿಗೆ ಸಿಂಪಡಿಸುವ ರೂಪದಲ್ಲಿ ಚೀಟಿಯಿಲ್ಲದೆಯೂ ಸಿಗುತ್ತದೆ. ಪಕ್ಕದಲ್ಲಿರುವವರ ಕೈಗೇ ಮದ್ದು ಕೊಟ್ಟು, ಬಳಸುವುದನ್ನು ಕಲಿಸಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲೇ ಹೇಳಿದೆ. ನಮ್ಮ ದೇಶದಲ್ಲಿ ಅಫೀಮು ಜಾತಿಯ ನಶೆಯಿಂದ ನೆರವು ಬೇಕಾದ ಸ್ಥಿತಿಗೆ ಬಂದವರು ಸುಮಾರು 77 ಲಕ್ಷ ಎಂದು 2019ರ ಕೇಂದ್ರ ಸರ್ಕಾರದ ವರದಿ ಹೇಳುತ್ತದೆ. ಆದರೂ ಇಲ್ಲಿ ಈ ಮದ್ದು ಹೆಚ್ಚಾಗಿ ಆಸ್ಪತ್ರೆಯ ಕಪಾಟಿನಲ್ಲೇ ಉಳಿದಿದೆ. ಉಸಿರು ನಿಂತ ನಾಲ್ಕೈದು ನಿಮಿಷಕ್ಕೆ ಮಿದುಳು ಕೆಡತೊಡಗುತ್ತದೆ. ದೇಹೂ ರೋಡ್‌ನಿಂದ ಪಿಂಪ್ರಿಯ ವೈ.ಸಿ.ಎಂ. ಆಸ್ಪತ್ರೆಗೆ ಹಳೇ ಹೆದ್ದಾರಿಯಲ್ಲಿ ಎಷ್ಟು ಹೊತ್ತು ಬೇಕೆಂದು ನಿಮಗೇ ಗೊತ್ತು.

ಅದಕ್ಕೇ ಈ ಬೇಡಿಕೆ. ವೈದ್ಯರೊಬ್ಬರನ್ನು ಕರೆಸಿ, ಬಾಯಿಂದ ಉಸಿರು ಕೊಡುವುದು, ಪಕ್ಕಕ್ಕೆ ಹೊರಳಿಸಿ ಮಲಗಿಸುವುದು, ಇಂಜೆಕ್ಷನ್ ಹಾಕುವುದನ್ನು ಒಂದು ಭಾನುವಾರ ಕಲಿಯೋಣ. ಅಭ್ಯಾಸದ ಬೊಂಬೆಗೂ, ವೈದ್ಯರ ಚೀಟಿಯ ಮೇಲೆ ಬೇಕಾದ ಮನೆಗಳಿಗೆ ಮದ್ದು, ಸಿರಿಂಜು ಕೊಡಿಸಲೂ ನಿಮ್ಮ ಹಣ ಬೇಕು.

ಮದ್ದು ಬೇಕಾದ ಮನೆಯವರು ನನ್ನೊಬ್ಬನಿಗೆ ಹೇಳಿದರೆ ಸಾಕು. ಲೆಕ್ಕದ ಪುಸ್ತಕದಲ್ಲಿ ಮನೆಯ ಸಂಖ್ಯೆಯಾಗಲಿ ಹೆಸರಾಗಲಿ ಬರೆಯುವುದಿಲ್ಲ. ಆ ತಾಯಿ ತರಬೇತಿಗೆ ಮೊದಲ ಹೆಸರು ಕೊಟ್ಟಿದ್ದಾರೆ.