ಹರಳು ಗೊಬ್ಬರಕ್ಕೆ ಮೊದಲು ತಿಪ್ಪೆ ಹದವಾಗಲಿ



ಸಗಣಿ ಗೊಬ್ಬರವನ್ನು ಹರಳು ಮಾಡಿದರೆ ಚೀಲದಲ್ಲಿ ಇಡಲು, ಸಾಗಿಸಲು, ಗಿಡದ ಬುಡಕ್ಕೆ ಅಳತೆಯಲ್ಲಿ ಹಾಕಲು ಸುಲಭ. ಒಣ ವಿಧಾನದ ಯಂತ್ರದಲ್ಲಿ ನೀರು ಬೆರೆಸುವುದಿಲ್ಲ, ಎರಡು ರೋಲರುಗಳ ಒತ್ತಡದಿಂದಲೇ ಪುಡಿ ಗಟ್ಟಿಯಾಗುತ್ತದೆ. ಹಾಗಾಗಿ ಪುಡಿಯ ಹದ ತಪ್ಪಿದರೆ ಯಂತ್ರ ಅದನ್ನು ಸರಿಪಡಿಸಲಾರದು. ಒಂದು ಊರಿನ ಸಂಘದ ಮಹಿಳೆಯರು ಹಸಿ ಸಗಣಿಯನ್ನೇ ಒಣಗಿಸಿ, ಪುಡಿ ಮಾಡಿ ಚೀಲ ತುಂಬಿದ್ದರು. ನಾನು ಹೋಗಿ ಚೀಲದೊಳಗೆ ಕೈಯಿಟ್ಟಾಗ ಬಿಸಿಯಾಗಿತ್ತು, ಬೂಷ್ಟು ಹಿಡಿದಿತ್ತು. ಕೆಲವು ತಿಂಗಳ ದುಡಿಮೆ ಮತ್ತೆ ತಿಪ್ಪೆಗೇ ಹೋಯಿತು.

1. ಮೊದಲು ಕಳಿಯಲಿ
ಸಗಣಿ, ಗಂಜಲದಲ್ಲಿ ನೆನೆದ ಮೇವಿನ ಕಸ, ಒಣ ಎಲೆಗಳನ್ನು ಪದರ ಪದರವಾಗಿ ಹಾಕಿ. ಒಂದು ಹಿಡಿ ತೆಗೆದು ಹಿಂಡಿದರೆ ಕೈ ಒದ್ದೆಯಾಗಬೇಕು, ನೀರು ಸುರಿಯಬಾರದು. ಕಬ್ಬಿಣದ ಸರಳನ್ನು ತಿಪ್ಪೆಯ ನಡುವೆ ಚುಚ್ಚಿ ಹತ್ತು ನಿಮಿಷ ಬಿಟ್ಟು ತೆಗೆಯಿರಿ. ಹಿಡಿಯಲಾಗದಷ್ಟು ಬಿಸಿಯಿದ್ದರೆ ಕಳಿಯುವಿಕೆ ಚೆನ್ನಾಗಿದೆ. 55 ಡಿಗ್ರಿ ದಾಟಿದ ಈ ಬಿಸಿ ಕೆಲವು ದಿನ ನಿಂತರೆ ಕಳೆ ಬೀಜ, ಜಂತಿನ ಮೊಟ್ಟೆಗಳು ಬಹುಮಟ್ಟಿಗೆ ಸಾಯುತ್ತವೆ. ಹದಿನೈದು ದಿನಕ್ಕೊಮ್ಮೆ ಮಗುಚಿ, ಅಂಚಿನದು ಒಳಗೆ ಬರಲಿ. ಬೂದಿ, ಸುಣ್ಣ ಬೆರೆಸಬೇಡಿ, ಸಾರಜನಕ ಘಾಟಾಗಿ ಹಾರಿಹೋಗುತ್ತದೆ.

ಕಳಿತಿದೆಯೇ ಎಂದು ತಿಳಿಯಲು ತೇವವಿರುವ ಒಂದು ಹಿಡಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಮೂರು ದಿನ ಇಡಿ. ಬಿಚ್ಚಿದಾಗ ಮಣ್ಣಿನ ವಾಸನೆ ಬಂದರೆ ಸಿದ್ಧ. ಘಾಟು ಅಥವಾ ಕೊಳೆತ ನಾತ ಬಂದರೆ ಇನ್ನೂ ಕಾಯಬೇಕು.

2. ತಿಪ್ಪೆಗೆ ಹಾಕಬಾರದ್ದು
ಕಂದು ಹಾಕಿದ ಹಸುವಿನ ಸತ್ತೆ ಮತ್ತು ಸತ್ತ ಕರುವನ್ನು ತಿಪ್ಪೆಗೆ ಎಸೆಯಬೇಡಿ, ಬರಿಗೈಯಲ್ಲಿ ಮುಟ್ಟಬೇಡಿ. ಬ್ರುಸೆಲ್ಲಾ ರೋಗವಿದ್ದರೆ ಅದು ನಿಮಗೂ ಅಂಟುತ್ತದೆ. ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಿ, ಪಶುವೈದ್ಯರಿಗೆ ತಿಳಿಸಿ. ಇಂಜೆಕ್ಷನ್ ಸೂಜಿ, ಔಷಧಿ ಬಾಟಲಿ, ತಂತಿ, ಪ್ಲಾಸ್ಟಿಕ್ ದಾರವೂ ಬೇಡ. ತಂತಿ ರೋಲರನ್ನು ಹಾಳು ಮಾಡುತ್ತದೆ. ಹೊಲ ಸೇರಿ ಮೇವಿನೊಡನೆ ಹಸುವಿನ ಹೊಟ್ಟೆಗೆ ಹೋದರೆ ಹೃದಯದವರೆಗೂ ಚುಚ್ಚೀತು.

3. ಒಣಗಿಸಿ, ಜರಡಿ ಹಿಡಿಯಿರಿ
ಕಳಿತ ಗೊಬ್ಬರವನ್ನು ನೆರಳಿನಲ್ಲಿ, ಗಾಳಿಯಾಡುವಲ್ಲಿ ತೆಳುವಾಗಿ ಹರಡಿ ದಿನಕ್ಕೆರಡು ಬಾರಿ ಕೈಯಾಡಿಸಿ. ಹೆಂಟೆ ಒಡೆದು, 4 ಮಿಲಿಮೀಟರ್ ಅಥವಾ ಅದಕ್ಕಿಂತ ಸಣ್ಣ ಕಣ್ಣಿನ ಜರಡಿ ಹಿಡಿಯಿರಿ. ಮೇಲುಳಿದದ್ದು ಮತ್ತೆ ತಿಪ್ಪೆಗೆ. ಧೂಳು ಏಳುವಾಗ ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ.

4. ತೇವ ಅಳೆಯಿರಿ
100 ಗ್ರಾಂ ಪುಡಿಯನ್ನು ಅಡುಗೆಗೆ ಬಳಸದ ಹಳೆ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ, ಕರಕಾಗದಂತೆ, ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿ. 85ರಿಂದ 90 ಗ್ರಾಂ ಉಳಿದರೆ ತೇವ 10–15 ಭಾಗ, ಸಾಮಾನ್ಯವಾಗಿ ಅದೇ ಹದ. ಹೆಚ್ಚಿದ್ದರೆ ರೋಲರಿಗೆ ಅಂಟುತ್ತದೆ, ತೀರಾ ಕಡಿಮೆಯಿದ್ದರೆ ಹರಳು ಪುಡಿಯಾಗುತ್ತದೆ.

ಲೆಕ್ಕವನ್ನೂ ಮೊದಲೇ ಹಾಕಿಕೊಳ್ಳಿ: 60 ಭಾಗ ತೇವವಿರುವ 100 ಕಿಲೋ ಗೊಬ್ಬರ 15 ಭಾಗಕ್ಕೆ ಒಣಗಿದಾಗ ಉಳಿಯುವುದು ಸುಮಾರು 47 ಕಿಲೋ. ದರ ಮಾತಾಡುವಾಗ ಇದು ನೆನಪಿರಲಿ. ಗೊಬ್ಬರ ಮಾರಾಟಕ್ಕೆ 1985ರ ರಸಗೊಬ್ಬರ ನಿಯಂತ್ರಣ ಆದೇಶದ ನಿಯಮಗಳಿವೆ. ಮಾರುವ ಮುನ್ನ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ.

ಮೊದಲ ಸಲ ಒಂದೇ ಚೀಲ ಮಾಡಿ ನೋಡಿ. ಒಂದು ವಾರದ ನಂತರವೂ ಅದು ತಣ್ಣಗಿದ್ದರೆ ಉಳಿದದ್ದಕ್ಕೆ ಕೈಹಾಕಿ.

– ಪಶುವೈದ್ಯಾಧಿಕಾರಿ